ಕಿವಿ ಬಂದ ಬೇಲಿ

ಬೇಲಿಯ ಬಗ್ಗೆ ನಮ್ಮ ಹಿರಿಯರಿಗೆ ಇದ್ದ ದೊಡ್ಡ ಭಯ ಒಂದೇ: ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಗೋಡೆಗೂ ಕಿವಿ ಇರುತ್ತದೆ ಎಂಬ ಮಾತನ್ನೂ ಅವರು ಆಡುತ್ತಿದ್ದರು. ಅದು ನಾಲಿಗೆಯನ್ನು ಹಿಡಿತದಲ್ಲಿಟ್ಟುಕೊಳ್ಳಲು ಹೇಳಿದ ಬುದ್ಧಿಮಾತು. ಬೇಲಿ ನಿಜವಾಗಿಯೂ ಕೇಳಿಸಿಕೊಳ್ಳುತ್ತದೆ ಎಂದು ಅವರಲ್ಲಿ ಯಾರೂ ಭಾವಿಸಿರಲಿಲ್ಲ. ಈಗ ಅದೂ ಆಗಿದೆ. ವಿಮಾನ ನಿಲ್ದಾಣ, ಜೈಲು, ತೈಲ ಸಂಗ್ರಹಾಗಾರ, ವಿದ್ಯುತ್ ಕೇಂದ್ರ, ದೊಡ್ಡ ಕಾರ್ಖಾನೆಗಳ ಸುತ್ತ ಹಾಕುವ ತಂತಿಜಾಲರಿಯ ಮೇಲೆ ಒಂದು ಕರಿಯ ಕೇಬಲ್ ಹಾದುಹೋಗಿರುವುದನ್ನು ಗಮನಿಸಿ ನೋಡಿದವರು ಕಂಡಿರಬಹುದು. ಯಾರಾದರೂ ಬೇಲಿ ಹತ್ತಿದರೆ, ಕತ್ತರಿಸಿದರೆ, ಬುಡವನ್ನು ಎತ್ತಿ ನುಸುಳಿದರೆ ಜಾಲರಿಯಲ್ಲಿ ಉಂಟಾಗುವ ನಡುಕವನ್ನು ಆ ಕೇಬಲ್ ಹಿಡಿಯುತ್ತದೆ. ಅದನ್ನು ಒಂದು ಪೆಟ್ಟಿಗೆಗೆ ಒಯ್ಯುತ್ತದೆ. ಆ ಪೆಟ್ಟಿಗೆ, ಇದು ಗಾಳಿಯೋ ಮನುಷ್ಯನೋ ಎಂದು ಲೆಕ್ಕ ಹಾಕಿ, ಕಾವಲುಕೋಣೆಯಲ್ಲಿ ಸೈರನ್ ಕೂಗಿಸುತ್ತದೆ. ಜಾಲರಿಗೆ ಕಟ್ಟುವ ಕೇಬಲ್ ಇರುವಂತೆಯೇ ನೆಲದಲ್ಲಿ ಹೂಳುವ ಕೇಬಲ್ ಕೂಡಾ ಇದೆ. ಅದು ಹೆಜ್ಜೆಯ ಸಪ್ಪಳವನ್ನೇ ಕೇಳುತ್ತದೆ.

ಇದೊಂದು ತಾಂತ್ರಿಕ ಸಂಗತಿ, ಇದರಲ್ಲಿ ನೀತಿಯ ಪ್ರಶ್ನೆ ಏನಿದೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಬೇಲಿ ಎಂಬುದು ಯಾವ ಕಾಲದಲ್ಲೂ ಬರೀ ಕಂಬ ಮತ್ತು ತಂತಿಯ ವಿಷಯವಾಗಿರಲಿಲ್ಲ. ಇದು ನನ್ನದು, ಅದು ನಿನ್ನದು ಎಂದು ಮನುಷ್ಯ ಮನುಷ್ಯನಿಗೆ ಹೇಳುವ ಮಾತು ಅದು. ಆ ಮಾತಿಗೆ ಈಗ ಕಿವಿಯೂ ಸೇರಿಕೊಂಡಿದೆ ಎಂದಾದ ಮೇಲೆ, ಕೇಳಿಸಿಕೊಂಡವನ ಹೊಣೆ ಏನು ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಬರುವುದಿಲ್ಲ.

ಹವಳಗಾದಂತಹ ಊರಿನಿಂದ ನೋಡಿದಾಗ

ಈ ಪ್ರಶ್ನೆಯನ್ನು ದೊಡ್ಡ ನಗರದಿಂದ ನೋಡುವುದಕ್ಕಿಂತ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನ ಹವಳಗಾದಂತಹ ಊರಿನಿಂದ ನೋಡುವುದು ಒಳ್ಳೆಯದು. ಭೀಮೆಯ ನೀರು ಹರಿಯುವ ತಾಲೂಕು ಅದು. ತೊಗರಿ, ಜೋಳದ ಕಪ್ಪು ಮಣ್ಣಿನ ನಾಡಿನಲ್ಲಿ ನೀರು ಸಿಕ್ಕ ಕಡೆ ಕಬ್ಬು ಬೆಳೆದಿದೆ. ಹವಳಗಾದಲ್ಲಿ ರೇಣುಕಾ ಸಕ್ಕರೆ ಕಾರ್ಖಾನೆಯೂ ಇದೆ. ಹಂಗಾಮು ಶುರುವಾಯಿತೆಂದರೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಎತ್ತಿನ ಗಾಡಿಗಳು ರಸ್ತೆಯುದ್ದಕ್ಕೂ ಸಾಲುಗಟ್ಟುತ್ತವೆ. ಕಬ್ಬು ಕಡಿಯುವ ತಂಡಗಳು ಹೆಂಡತಿ ಮಕ್ಕಳೊಂದಿಗೆ ಬಂದು ಗುಡಿಸಲು ಹಾಕಿಕೊಳ್ಳುತ್ತವೆ. ಸಕ್ಕರೆ ಸೀಮೆಯ ಎಲ್ಲಾ ಕಡೆ ಕಾಣುವ ಒಂದು ನೋಟವಿದೆ: ನಿಧಾನಕ್ಕೆ ಹೋಗುವ ಟ್ರೇಲರಿನ ಹಿಂದೆ ಓಡಿ ಒಂದು ಗಣೆ ಕಬ್ಬು ಎಳೆದುಕೊಳ್ಳುವ ಮಕ್ಕಳು. ಚಾಲಕ ತಿರುಗಿ ಗದರಿಸುತ್ತಾನೆ. ಆದರೆ ಟ್ರ್ಯಾಕ್ಟರ್ ನಿಲ್ಲಿಸಿ ಪೊಲೀಸರಿಗೆ ಹೇಳಿದ ಚಾಲಕನನ್ನು ಯಾರೂ ಕಂಡಿಲ್ಲ.

ಈ ಕಡೆಯ ಹೊಲಗಳಿಗೆ ಗಡಿಯೆಂದರೆ ಬದು, ಹೆಚ್ಚೆಂದರೆ ಜಾಲಿ ಮುಳ್ಳು. ಬದುವಿನ ವಿಷಯಕ್ಕೆ ಅಣ್ಣತಮ್ಮಂದಿರು ತಲೆ ಒಡೆದುಕೊಂಡದ್ದೂ ಉಂಟು. ಆದರೆ ಅದೇ ಜನ ಎಳ್ಳ ಅಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಅಂದು ಹೊಲದ ಹತ್ತಿರ ಹಾದುಹೋಗುವವನು ಯಾವ ಜಾತಿ, ಯಾವ ಧರ್ಮ ಎಂದು ಕೇಳದೆ ಕೂಗಿ ಕರೆದು ರೊಟ್ಟಿ, ಕಡುಬು, ಭಜ್ಜಿ ಬಡಿಸುತ್ತಾರೆ. ಸೀತನಿಯ ಕಾಲದಲ್ಲಿ ಹಸಿಜೋಳದ ತೆನೆ ಸುಟ್ಟು ತಿನ್ನಲು ಊರಿನವರನ್ನೆಲ್ಲಾ ಹೊಲಕ್ಕೆ ಕರೆಯುವ ರೂಢಿಯೂ ಇದೆ. ರಾಶಿಯ ಕಾಲಕ್ಕೆ ಆಯಗಾರರಿಗೆ ಕಣದಲ್ಲೇ ಪಾಲು ಸಲ್ಲುತ್ತಿತ್ತು. ಗಡಿ ಇತ್ತು. ಆದರೆ ಗಡಿ ದಾಟಿ ಬಂದವನನ್ನು ನೋಡುವ ಕಣ್ಣು ಒಂದೇ ಬಗೆಯದಾಗಿರಲಿಲ್ಲ. ಕದಿಯಲು ಬಂದವನು, ಹಸಿದು ಬಂದವನು, ದಾರಿ ತಪ್ಪಿ ಬಂದವನು, ಕರೆದದ್ದಕ್ಕೆ ಬಂದವನು ಇವರ ನಡುವಿನ ವ್ಯತ್ಯಾಸವನ್ನು ಒಕ್ಕಲಿಗನ ಕಣ್ಣು ಗುರುತಿಸುತ್ತಿತ್ತು.

ಇಂತಹ ಊರಿನ ಒಬ್ಬ ಐಟಿಐ ಓದಿದ ಹುಡುಗನನ್ನು ಊಹಿಸಿಕೊಳ್ಳೋಣ. ಈ ಭಾಗದಿಂದ ಮುಂಬೈ, ಪುಣೆ, ಬೆಂಗಳೂರು, ಹೈದರಾಬಾದಿಗೆ ದುಡಿಯಲು ಹೋಗುವವರಿಗೆ ಲೆಕ್ಕವಿಲ್ಲ. ಗಲ್ಫಿಗೆ ಹೋದವರೂ ಇದ್ದಾರೆ. ಆ ಹುಡುಗನಿಗೆ ಸೆನ್ಸರ್ ಕೇಬಲ್ ಹಾಕುವ ಗುತ್ತಿಗೆದಾರನ ಹತ್ತಿರ ಕೆಲಸ ಸಿಕ್ಕಿದೆ. ನಿಷ್ಠೆಯಿಂದ ಮಾಡಿದರೆ ಇದು ಸೂಕ್ಷ್ಮವಾದ ಕೆಲಸ. ಮೊದಲು ಜಾಲರಿಯನ್ನು ಬಿಗಿ ಮಾಡಬೇಕು. ಸಡಿಲ ಜಾಲರಿ ಗಾಳಿಗೆ ಬಡಿದುಕೊಂಡು ಸುಳ್ಳು ಹೇಳುತ್ತದೆ. ಬೇಲಿಗೆ ತಾಗುವ ಟೊಂಗೆ, ಬಳ್ಳಿ, ತೂಗಾಡುವ ಬೋರ್ಡು ಎಲ್ಲವನ್ನೂ ತೆಗೆಯಬೇಕು. ಆಮೇಲೆ ಬೇಲಿಯ ನಡುಮಟ್ಟದಲ್ಲಿ ಕೇಬಲ್ ಎಳೆದು, ಅಡಿಗೊಂದರಂತೆ ಬಿಸಿಲಿಗೆ ಪುಡಿಯಾಗದ ಪಟ್ಟಿಯಿಂದ ಕಟ್ಟುತ್ತಾ ಹೋಗಬೇಕು. ಕಂಬಗಳ ಹತ್ತಿರ ಕೇಬಲನ್ನು ಕುಣಿಕೆಯಂತೆ ಸುತ್ತಿಸಬೇಕು, ಏಕೆಂದರೆ ಹತ್ತುವವನು ಗಟ್ಟಿಯಾದ ಕಂಬವನ್ನೇ ಹಿಡಿಯುತ್ತಾನೆ. ಜೋಡಣೆಗಳಿಗೆ ನೀರು ಇಳಿಯದಂತೆ ಮುಚ್ಚಬೇಕು. ಕೊನೆಗೆ ಸ್ಕ್ರೂಡ್ರೈವರಿನಿಂದ ಜಾಲರಿಗೆ ತಟ್ಟಿ, ತಾನೇ ಹತ್ತಿ ಇಳಿದು, ಪೆಟ್ಟಿಗೆಯ ಸೂಕ್ಷ್ಮತೆಯನ್ನು ಎಷ್ಟಕ್ಕೆ ಇಡಬೇಕೆಂದು ಗೊತ್ತುಮಾಡಬೇಕು. ಊರಿನಲ್ಲಿ ಬದುವಿನ ಮೇಲೆ ನಡೆದಾಡಿದ ಹುಡುಗ ಇನ್ನಾರದೋ ಗಡಿಗೆ ಕಿವಿ ಜೋಡಿಸುವವನಾಗಿದ್ದಾನೆ. ಅವನು ಮಾಡುತ್ತಿರುವುದು ಒಳ್ಳೆಯ ಕೆಲಸವೇ?

ಕಾಯುವುದು ತಪ್ಪಲ್ಲ

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಬೇಲಿ ಹಾಕುವುದೇ ಪಾಪ, ಬೇಲಿಯಿಲ್ಲದ ಲೋಕವೇ ಸ್ವರ್ಗ ಎಂಬ ಮಾತು ಕೇಳಲು ಸೊಗಸಾಗಿದೆ. ಆದರೆ ನದಿದಂಡೆಯ ಪಂಪ್‌ಸೆಟ್ಟಿನ ತಾಮ್ರದ ಕೇಬಲನ್ನು ರಾತ್ರೋರಾತ್ರಿ ಕತ್ತರಿಸಿಕೊಂಡು ಹೋದಾಗ ಅಳುವವನು ಬಡ ರೈತನೇ. ಸಾಲ ಮಾಡಿ ತಂದ ಮೋಟಾರು ಕಳವಾದರೆ ಅವನ ಒಂದು ವರ್ಷದ ಬೆಳೆಯೇ ಹೋಗುತ್ತದೆ. ಸಿರಿವಂತನಿಗೆ ವಿಮೆ ಇರುತ್ತದೆ, ಬಡವನಿಗೆ ಬೀಗ ಮಾತ್ರ ಇರುತ್ತದೆ. ಒಂಟೆಯನ್ನು ಕಟ್ಟದೆ ದೇವರ ಮೇಲೆ ಭರವಸೆ ಇಡಲೇ ಎಂದು ಕೇಳಿದವನಿಗೆ ಪ್ರವಾದಿ ಮುಹಮ್ಮದ್(ಸ) ಅವರು, ಮೊದಲು ಕಟ್ಟು, ಆಮೇಲೆ ಭರವಸೆ ಇಡು ಎಂಬರ್ಥದಲ್ಲಿ ಉತ್ತರಿಸಿದ್ದು ನಮಗೆಲ್ಲಾ ಗೊತ್ತಿರುವ ಸಂಗತಿ. ಸೊತ್ತನ್ನು ರಕ್ಷಿಸಿಕೊಳ್ಳುವುದು ಇಸ್ಲಾಮೀ ಧರ್ಮಶಾಸ್ತ್ರವು ಎತ್ತಿಹಿಡಿದ ಮೂಲ ಉದ್ದೇಶಗಳಲ್ಲಿ ಒಂದು. ಕಾರ್ಖಾನೆಯ ಕಾವಲಿನ ವಿಷಯವೂ ಹಾಗೆಯೇ. ಯಂತ್ರ, ಬಾಯ್ಲರು, ಸುಲಭವಾಗಿ ಬೆಂಕಿ ಹೊತ್ತುವ ದ್ರವಗಳಿರುವ ಜಾಗಕ್ಕೆ ಯಾರೋ ನುಗ್ಗಿದರೆ ಅಪಾಯ ಮಾಲೀಕನಿಗಿಂತ ಮೊದಲು ಆ ನುಗ್ಗಿದವನಿಗೆ ಮತ್ತು ಒಳಗಿರುವ ಕಾರ್ಮಿಕನಿಗೆ.

ನಮ್ಮ ಹಳ್ಳಿಗಳಲ್ಲಿ ಕಾಣುವ ಇನ್ನೊಂದು ಬೇಲಿಯ ಪಕ್ಕದಲ್ಲಿಟ್ಟು ನೋಡಿದರೆ ಈ ಕೇಳುವ ಬೇಲಿಯ ಒಳ್ಳೆಯತನ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಕಾಡುಹಂದಿಯ ಕಾಟ ತಡೆಯಲಾರದೆ ಹೊಲದ ಸುತ್ತ ತಂತಿ ಎಳೆದು ನೇರವಾಗಿ ಲೈನಿನಿಂದ ಕರೆಂಟು ಹರಿಸುವುದು ರಾಜ್ಯದ ಹಲವು ಕಡೆ ನಡೆದಿದೆ. ಇದು ಕಾನೂನುಬಾಹಿರ. ಸೋಲಾರ್ ಬೇಲಿಯಲ್ಲಿ ಬಿಟ್ಟು ಬಿಟ್ಟು ಬರುವ ಅಲ್ಪ ಆಘಾತಕ್ಕೂ ಇದಕ್ಕೂ ಸಂಬಂಧವಿಲ್ಲ. ನೇರ ಕರೆಂಟಿನ ತಂತಿಗೆ ಹಂದಿ ಮಾತ್ರ ಸಿಗುವುದಿಲ್ಲ. ಆನೆ ಸಿಗುತ್ತದೆ, ನೀರು ಹಾಯಿಸಲು ನಸುಕಿನಲ್ಲಿ ಹೊರಟ ಪಕ್ಕದ ಹೊಲದವನು ಸಿಗುತ್ತಾನೆ, ಒಮ್ಮೊಮ್ಮೆ ತಂತಿ ಕಟ್ಟಿದವನ ಮನೆಯವರೇ ಸಿಗುತ್ತಾರೆ.

ಈ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟ್ 1963ರಲ್ಲೇ ಬಿಹಾರದ ಒಂದು ಮೊಕದ್ದಮೆಯಲ್ಲಿ ತೀರ್ಪು ನೀಡಿದೆ. ನೆರೆಮನೆಯ ಶೌಚಾಲಯದ ಗೋಡೆ ಕುಸಿದಿತ್ತು. ಆ ಮನೆಯವರು ಪಕ್ಕದವನ ಶೌಚಾಲಯ ಬಳಸತೊಡಗಿದರು. ಅವನು ಬೇಡವೆಂದ, ಅವರು ನಿಲ್ಲಿಸಲಿಲ್ಲ. ಕೊನೆಗೆ ಅವನು ದಾರಿಗೆ ಅಡ್ಡಲಾಗಿ ಬರಿಯ ತಾಮ್ರದ ತಂತಿ ಕಟ್ಟಿ ಕರೆಂಟು ಹರಿಸಿದ. ಎಚ್ಚರಿಕೆಯ ಫಲಕವೂ ಇರಲಿಲ್ಲ. ಒಬ್ಬ ಮಹಿಳೆ ತಂತಿ ತಾಗಿ ಸತ್ತಳು. ನನ್ನ ಜಾಗಕ್ಕೆ ಅವಳೇ ಅತಿಕ್ರಮಿಸಿ ಬಂದಳು ಎಂಬ ಅವನ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಅತಿಕ್ರಮಿಸಿ ಬಂದ ಮಾತ್ರಕ್ಕೆ ಯಾರೂ ಕಾನೂನಿನ ರಕ್ಷಣೆಯಿಂದ ಹೊರಗಾಗುವುದಿಲ್ಲ, ಅವರಿಗೆ ಹಾನಿ ಮಾಡಬೇಕೆಂದೇ ಅಪಾಯ ಒಡ್ಡುವ ಹಕ್ಕು ಜಾಗದ ಒಡೆಯನಿಗಿಲ್ಲ ಎಂದು ಹೇಳಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಗಡಿ ದಾಟಿದವನೂ ಮನುಷ್ಯನಾಗಿಯೇ ಉಳಿಯುತ್ತಾನೆ ಎಂಬುದು ಆ ತೀರ್ಪಿನ ಸಾರ.

ಕೊಲ್ಲುವ ತಂತಿ ವಿಚಾರಣೆಯಿಲ್ಲದೆ ಶಿಕ್ಷೆ ಕೊಡುತ್ತದೆ. ಕೇಳುವ ತಂತಿ ಹಾಗೆ ಮಾಡುವುದಿಲ್ಲ. ಅದು ಸುದ್ದಿಯನ್ನು ಮಾತ್ರ ಮುಟ್ಟಿಸಿ, ಉಳಿದದ್ದನ್ನು ಮನುಷ್ಯನಿಗೆ ಬಿಡುತ್ತದೆ. ಇದು ನಿಜಕ್ಕೂ ಒಂದು ಹೆಜ್ಜೆ ಮುಂದಿನ ನೀತಿ. ಆದ್ದರಿಂದ ನಮ್ಮ ಐಟಿಐ ಹುಡುಗ ತಲೆ ತಗ್ಗಿಸಬೇಕಾಗಿಲ್ಲ. ಆದರೆ ವಿಷಯ ಇಲ್ಲಿಗೆ ಮುಗಿಯುವುದಿಲ್ಲ. ಮನುಷ್ಯನಿಗೆ ಬಿಟ್ಟ ಆ ಉಳಿದ ಭಾಗವೇ ಕಷ್ಟದ್ದು.

ಸದ್ದು ಕೇಳುವುದು, ಸಂಕಟ ಕೇಳುವುದು

ಸೆನ್ಸರ್ ಕೇಬಲ್‌ಗೆ ಗೊತ್ತಾಗುವುದು ನಡುಕ ಮಾತ್ರ. ಆ ನಡುಕದ ಹಿಂದೆ ಇರುವುದು ಕಳ್ಳನೋ, ತಪ್ಪಿಸಿಕೊಂಡ ಮೇಕೆಯನ್ನು ಹುಡುಕಿ ಬಂದ ಹುಡುಗಿಯೋ, ಬೆನ್ನಟ್ಟಿದ ನಾಯಿಗೆ ಹೆದರಿ ಜಾಲರಿ ಹತ್ತಿದ ಮಗುವೋ ಅದಕ್ಕೆ ತಿಳಿಯದು. ಸೂಕ್ಷ್ಮತೆಯನ್ನು ಹೆಚ್ಚಿಸಿದರೆ ಬೆಕ್ಕು ಹಾರಿದರೂ ಸೈರನ್ ಕೂಗುತ್ತದೆ. ನಾಲ್ಕು ರಾತ್ರಿ ಹೀಗೆ ಎದ್ದು ಓಡಿದ ಕಾವಲುಗಾರ ಐದನೆಯ ರಾತ್ರಿ ಅದನ್ನು ಬಂದ್ ಮಾಡಿ ಮಲಗುತ್ತಾನೆ. ಕಡಿಮೆ ಮಾಡಿದರೆ ನಿಜವಾದ ಕಳ್ಳನೇ ನುಸುಳಬಹುದು. ಎಷ್ಟು ಅನುಮಾನ ಪಡಬೇಕು ಎಂಬುದನ್ನು ಯಂತ್ರ ತಾನಾಗಿ ತೀರ್ಮಾನಿಸುವುದಿಲ್ಲ. ಯಾರೋ ಒಬ್ಬರು ಕುಳಿತು ಅದನ್ನು ಗೊತ್ತುಮಾಡುತ್ತಾರೆ. ನಮ್ಮ ಸಮಾಜದಲ್ಲೂ ಹೀಗೆಯೇ ಅಲ್ಲವೇ? ಯಾರ ಗಡ್ಡ, ಯಾರ ಬುರ್ಖಾ, ಯಾರ ಹರಿದ ಅಂಗಿ, ಯಾರ ಭಾಷೆ ಕಂಡಾಗ ಮನಸ್ಸಿನ ಸೈರನ್ ಕೂಗಬೇಕು ಎಂಬುದನ್ನು ಯಾರೋ ಮೊದಲೇ ಗೊತ್ತುಮಾಡಿರುತ್ತಾರೆ. ಬೇಲಿಯ ಪೆಟ್ಟಿಗೆಯನ್ನಾದರೂ ತಿಂಗಳಿಗೊಮ್ಮೆ ತೆರೆದು ಸರಿಪಡಿಸುತ್ತಾರೆ. ಮನಸ್ಸಿನ ಪೆಟ್ಟಿಗೆಯನ್ನು ತೆರೆದು ನೋಡುವವರು ಕಡಿಮೆ.

ಕೇಳಿಸಿಕೊಂಡ ಸದ್ದಿಗೂ ಹೊಡೆಯುವ ಕೈಗೂ ನಡುವೆ ಅಂತರವೇ ಉಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಸಾಕ್ಷಿಯಿದೆ. ವಿಯೆಟ್ನಾಂ ಯುದ್ಧದಲ್ಲಿ, 1968ರಿಂದ 1973ರವರೆಗೆ, ಅಮೆರಿಕದ ಸೇನೆ ಲಾವೋಸಿನ ಕಾಡುದಾರಿಗಳಲ್ಲಿ ವಿಮಾನದಿಂದ ಸಾವಿರಾರು ಸೆನ್ಸರ್‌ಗಳನ್ನು ಉದುರಿಸಿತು. ಅವು ಲಾರಿಗಳ ಸದ್ದನ್ನು, ನೆಲದ ನಡುಕವನ್ನು ಕೇಳಿ ಥಾಯ್ಲೆಂಡಿನ ಒಂದು ಕೇಂದ್ರದ ಕಂಪ್ಯೂಟರಿಗೆ ಕಳಿಸುತ್ತಿದ್ದವು. ಅಲ್ಲಿಂದ ಲೆಕ್ಕ ಹಾಕಿ ಆ ಜಾಗಕ್ಕೆ ಬಾಂಬು ಹಾಕಲು ವಿಮಾನಗಳನ್ನು ಕಳಿಸಲಾಗುತ್ತಿತ್ತು. ಇಗ್ಲೂ ವೈಟ್ ಎಂಬುದು ಆ ಕಾರ್ಯಾಚರಣೆಯ ಹೆಸರು. ನಡೆದು ಹೋಗುತ್ತಿರುವವನು ಸೈನಿಕನೋ ಹಳ್ಳಿಗನೋ ಎಂದು ಆ ಸೆನ್ಸರ್‌ಗೆ ಹೇಗೆ ತಿಳಿಯಬೇಕು? ಹೋಗಿ ನೋಡುವ ಕಣ್ಣು ಇಲ್ಲದೆ ಹೋದ ಕಡೆ, ಕಿವಿಯೇ ಕೊಲೆಗಾರನಾಯಿತು.

ಇದಕ್ಕೆ ತದ್ವಿರುದ್ಧವಾದ ಒಂದು ಘಟನೆ ಮದೀನಾದಲ್ಲಿ ನಡೆದಿತ್ತು. ಅಬೂದಾವೂದ್ ಮುಂತಾದ ಹದೀಸ್ ಸಂಗ್ರಹಗಳಲ್ಲಿ ಅದು ದಾಖಲಾಗಿದೆ. ಅಬ್ಬಾದ್ ಬಿನ್ ಶುರಹ್‌ಬೀಲ್ ಎಂಬವರು ಬರಗಾಲದ ಹಸಿವಿನಿಂದ ಬಳಲಿ ಮದೀನಾಕ್ಕೆ ಬಂದರು. ಒಂದು ತೋಟಕ್ಕೆ ನುಗ್ಗಿ ತೆನೆ ಕಿತ್ತು ಉಜ್ಜಿ ತಿಂದರು, ಒಂದಿಷ್ಟನ್ನು ಬಟ್ಟೆಯಲ್ಲಿ ಕಟ್ಟಿಕೊಂಡರು. ಅಷ್ಟರಲ್ಲಿ ತೋಟದ ಯಜಮಾನ ಬಂದು ಹೊಡೆದು ಬಟ್ಟೆಯನ್ನು ಕಿತ್ತುಕೊಂಡ. ದೂರು ಪ್ರವಾದಿಯವರ(ಸ) ಮುಂದೆ ಬಂತು. ತಪ್ಪು ಯಾರದು? ಬೇಲಿಯ ಲೆಕ್ಕದಲ್ಲಿ ನೋಡಿದರೆ ಅಬ್ಬಾದರದೇ. ಆದರೆ ಪ್ರವಾದಿಯವರು(ಸ) ತೋಟದವನ ಕಡೆಗೇ ತಿರುಗಿದರು. ತಿಳಿಯದಿದ್ದ ಅವನಿಗೆ ನೀನು ತಿಳಿಹೇಳಲಿಲ್ಲ, ಹಸಿದಿದ್ದ ಅವನಿಗೆ ನೀನು ಉಣಿಸಲಿಲ್ಲ ಎಂಬರ್ಥದ ಮಾತನ್ನು ಹೇಳಿ, ಬಟ್ಟೆಯನ್ನು ಹಿಂದಿರುಗಿಸುವಂತೆ ಆಜ್ಞಾಪಿಸಿದರು. ಅಬ್ಬಾದರಿಗೆ ಧಾನ್ಯವನ್ನೂ ಕೊಡಿಸಿದರು.

ಇಂಥದೇ ಇನ್ನೊಂದು ಪ್ರಸಂಗ ರಾಫಿಅ್ ಬಿನ್ ಅಮ್ರ್ ಎಂಬವರ ಬಾಲ್ಯದ್ದು. ಖರ್ಜೂರದ ಮರಗಳಿಗೆ ಕಲ್ಲು ಹೊಡೆಯುತ್ತಿದ್ದ ಆ ಹುಡುಗನನ್ನು ತೋಟದವರು ಹಿಡಿದು ತಂದಾಗ ಪ್ರವಾದಿಯವರು(ಸ) ಮೊದಲು ಕೇಳಿದ್ದು, ಏಕೆ ಹೊಡೆದೆ ಎಂದು. ತಿನ್ನಲು ಎಂದ ಹುಡುಗ. ಕಲ್ಲು ಹೊಡೆಯಬೇಡ, ಕೆಳಗೆ ಬಿದ್ದದ್ದನ್ನು ತಿನ್ನು ಎಂದು ಹೇಳಿ ಅವನ ತಲೆ ನೇವರಿಸಿ ಪ್ರಾರ್ಥಿಸಿದರು. ಮರಕ್ಕೂ ರಕ್ಷಣೆ ಸಿಕ್ಕಿತು, ಹುಡುಗನಿಗೂ ಹಣ್ಣು ಸಿಕ್ಕಿತು. ಕಬ್ಬಿನ ಟ್ರೇಲರಿನ ಹಿಂದೆ ಓಡುವ ಮಕ್ಕಳನ್ನು ನೋಡಿದಾಗಲೆಲ್ಲಾ ಈ ಪ್ರಸಂಗ ನೆನಪಾಗುವುದು ಸಹಜ.

ಈ ಎರಡೂ ಪ್ರಸಂಗಗಳಲ್ಲಿ ಸೊತ್ತಿನ ಹಕ್ಕನ್ನು ಯಾರೂ ಅಲ್ಲಗಳೆಯಲಿಲ್ಲ ಎಂಬುದನ್ನು ಗಮನಿಸಬೇಕು. ತೋಟ ಯಜಮಾನನದೇ. ಆದರೆ ತೋಟದ ಒಡೆತನದ ಜೊತೆ ಒಂದು ಪ್ರಶ್ನೆಗೆ ಉತ್ತರಿಸುವ ಹೊಣೆಯೂ ಬರುತ್ತದೆ: ನಿನ್ನ ಗಡಿಗೆ ಬಂದು ತಾಗಿದವನು ಏಕೆ ಬಂದ?

ಅರಿಯೆ ಎನ್ನಲು ಇನ್ನು ಸಾಧ್ಯವಿಲ್ಲ

ಹಳೆಯ ಬೇಲಿಗೆ ಒಂದು ನೆಪವಿತ್ತು. ಹೊರಗೆ ಯಾರಿದ್ದಾರೆ ಎಂದು ಒಳಗಿನವನಿಗೆ ತಿಳಿಯುತ್ತಿರಲಿಲ್ಲ. ಗೋಡೆ ಎತ್ತರವಿದ್ದಷ್ಟೂ ಅಜ್ಞಾನ ಸುಲಭ. ಸೆನ್ಸರ್ ಬೇಲಿ ಈ ನೆಪವನ್ನು ಕಿತ್ತುಕೊಂಡಿದೆ. ಯಾವ ರಾತ್ರಿ, ಎಷ್ಟು ಹೊತ್ತಿಗೆ, ಯಾವ ಕಂಬದ ಹತ್ತಿರ ಕೈ ತಾಗಿತು ಎಂಬುದೆಲ್ಲಾ ಈಗ ದಾಖಲಾಗುತ್ತದೆ. ಒಂದೇ ಜಾಗದಲ್ಲಿ ಪದೇ ಪದೇ ಜನ ಬೇಲಿ ನುಸುಳುತ್ತಿದ್ದಾರೆ ಎಂದಾದರೆ, ಆ ಬೇಲಿ ಅವರ ನೀರಿನ ದಾರಿಗೋ, ದನದ ದಾರಿಗೋ, ಖಬರಸ್ತಾನದ ದಾರಿಗೋ ಅಡ್ಡ ಬಂದಿರಬಹುದು. ಸೈರನ್ ಹೇಳುತ್ತಿರುವುದು ಅವರ ಕಳ್ಳತನವನ್ನೋ ನಮ್ಮ ಬೇಲಿಯ ತಪ್ಪನ್ನೋ ಎಂದು ಹೋಗಿ ನೋಡಬೇಕಾಗುತ್ತದೆ. ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಜನರೆಲ್ಲರೂ ಪಾಲುದಾರರು ಎಂದು ಪ್ರವಾದಿಯವರು(ಸ) ಕಲಿಸಿದ್ದನ್ನು ಬೇಲಿ ಹಾಕುವ ಯಾರೂ ಮರೆಯಬಾರದು.

ಪವಿತ್ರ ಕುರ್‌ಆನಿನ ಅಲ್‌ಕಲಮ್ ಅಧ್ಯಾಯದಲ್ಲಿ ತೋಟದವರ ವೃತ್ತಾಂತ ಬರುತ್ತದೆ. ಬಡವರು ಯಾರೂ ಒಳಗೆ ಬರಬಾರದೆಂದು ಅವರು ಬೆಳಗಾಗುತ್ತಲೇ ಹಣ್ಣು ಕೊಯ್ಯಲು ಪಿಸುಗುಟ್ಟುತ್ತಾ ಹೊರಟರು. ಹೋಗಿ ನೋಡಿದರೆ ರಾತ್ರಿಯೇ ತೋಟ ನಾಶವಾಗಿತ್ತು. ಅವರು ಕಳ್ಳರಿಗೆ ಹೆದರಿದವರಲ್ಲ. ಬಡವನಿಗೆ ಹೆದರಿದವರು. ಆ ಭಯಕ್ಕೆ ಕಟ್ಟಿದ ಬೇಲಿಗೂ, ಕಳ್ಳನ ಭಯಕ್ಕೆ ಕಟ್ಟಿದ ಬೇಲಿಗೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. ಕಂಬ ಅದೇ, ಜಾಲರಿ ಅದೇ, ಕೇಬಲ್ ಅದೇ.

ಖಲೀಫಾ ಉಮರ್(ರ) ಅವರು ಈ ವ್ಯತ್ಯಾಸವನ್ನು ಆಡಳಿತದ ನಿಯಮವನ್ನಾಗಿ ಮಾಡಿದರು. ಸರ್ಕಾರದ ಪಶುಗಳಿಗಾಗಿ ಕಾದಿಟ್ಟ ಹುಲ್ಲುಗಾವಲಿಗೆ ಅರಬಿಯಲ್ಲಿ ಹಿಮಾ ಎನ್ನುತ್ತಾರೆ. ಅದಕ್ಕೆ ಹುನೈ ಎಂಬವರನ್ನು ಕಾವಲಿಗೆ ನೇಮಿಸಿ ಅವರು ಕೊಟ್ಟ ಸೂಚನೆಗಳು ಬುಖಾರಿಯಲ್ಲಿವೆ. ಜನರ ಮೇಲೆ ಕೈ ಮಾಡಬೇಡ, ಮರ್ದಿತನ ಶಾಪಕ್ಕೆ ಹೆದರು ಎಂದರು. ನಾಲ್ಕಾರು ಒಂಟೆ, ನಾಲ್ಕಾರು ಕುರಿ ಇರುವವನನ್ನು ಒಳಗೆ ಬಿಡು. ಇಬ್ನು ಔಫ್ ಮತ್ತು ಇಬ್ನು ಅಫ್ಫಾನರ ಮಂದೆಗಳ ವಿಷಯದಲ್ಲಿ ಎಚ್ಚರದಿಂದಿರು ಎಂದರು. ಈ ಇಬ್ಬರೂ ಪ್ರವಾದಿಯವರ(ಸ) ಗಣ್ಯ ಸಂಗಾತಿಗಳು, ಸ್ಥಿತಿವಂತರು. ಅವರ ಪಶುಗಳು ಸತ್ತರೆ ಅವರಿಗೆ ಹೊಲವಿದೆ, ಖರ್ಜೂರವಿದೆ. ಬಡವನ ಕುರಿ ಸತ್ತರೆ ಅವನು ಮಕ್ಕಳನ್ನು ಕರೆದುಕೊಂಡು ನನ್ನ ಬಾಗಿಲಿಗೆ ಬರುತ್ತಾನೆ, ಆಗ ನಾನು ಅವನನ್ನು ಕೈಬಿಡಲಾದೀತೇ ಎಂಬುದು ಅವರ ತರ್ಕ. ನಮ್ಮ ಕಾಲದ ಕಾವಲುಗಾರನಿಗೆ ಸಿಗುವ ಸೂಚನೆ ಸಾಮಾನ್ಯವಾಗಿ ಇದರ ತಲೆಕೆಳಗು. ದೊಡ್ಡ ಕಾರು ಬಂದರೆ ಗೇಟು ತಾನಾಗಿ ತೆರೆಯುತ್ತದೆ. ತಲೆಯ ಮೇಲೆ ಹೊರೆ ಹೊತ್ತವಳು ಬಂದರೆ ಹೆಸರು, ಊರು, ಗುರುತಿನ ಚೀಟಿ.

ಒಳಗಿನವರ ಕಡೆ ತಿರುಗಿದ ಕಿವಿ

ಕಿವಿಗೆ ಇನ್ನೊಂದು ಚಾಳಿಯಿದೆ. ಒಮ್ಮೆ ಕೇಳುವ ರುಚಿ ಹತ್ತಿದರೆ ಅದು ಹೊರಗಿನದನ್ನಷ್ಟೇ ಕೇಳುತ್ತಾ ಕೂರುವುದಿಲ್ಲ. ಕಳ್ಳನಿಗಾಗಿ ತಂದ ಕ್ಯಾಮರಾ ಕೆಲಸಗಾರ ಎಷ್ಟು ಸಲ ನೀರು ಕುಡಿಯಲು ಹೋದ ಎಂದು ಎಣಿಸತೊಡಗುತ್ತದೆ. ಬೇಲಿ ಕಾವಲಾಗಿದ್ದುದು ನಿಧಾನವಾಗಿ ಪಂಜರವಾಗುತ್ತದೆ.

ಇಲ್ಲಿಯೂ ಉಮರ್(ರ) ಅವರ ಬಗ್ಗೆ ಹೇಳಲಾಗುವ ಒಂದು ಪ್ರಸಿದ್ಧ ವೃತ್ತಾಂತವಿದೆ. ಇಮಾಮ್ ಗಝಾಲಿಯವರು ತಮ್ಮ ಇಹ್ಯಾದಲ್ಲಿ ಅದನ್ನು ಬರೆದಿದ್ದಾರೆ. ಖಲೀಫರು ರಾತ್ರಿ ಗಸ್ತು ತಿರುಗುವಾಗ ಒಂದು ಮನೆಯಿಂದ ಅನುಮಾನಾಸ್ಪದ ಸದ್ದು ಕೇಳಿ ಗೋಡೆ ಹತ್ತಿ ಇಳಿದರು. ಒಳಗಿದ್ದವನು ತಪ್ಪು ಮಾಡುತ್ತಲೇ ಇದ್ದ. ಗದರಿಸಿದಾಗ ಅವನೆಂದ: ನಾನು ಒಂದು ತಪ್ಪು ಮಾಡಿದ್ದೇನೆ, ತಾವು ಮೂರು ಮಾಡಿದ್ದೀರಿ. ಗುಟ್ಟು ಕೆದಕಬಾರದೆಂದು ದೇವರು ಹೇಳಿದ್ದಾನೆ, ತಾವು ಕೆದಕಿದಿರಿ. ಮನೆಗಳಿಗೆ ಬಾಗಿಲಿನಿಂದ ಬರಬೇಕೆಂದಿದ್ದಾನೆ, ತಾವು ಗೋಡೆ ಹಾರಿದಿರಿ. ಅನುಮತಿ ಕೇಳಿ ಸಲಾಮ್ ಹೇಳಿ ಒಳಬರಬೇಕೆಂದಿದ್ದಾನೆ, ತಾವು ಅದನ್ನೂ ಮಾಡಲಿಲ್ಲ. ಅಷ್ಟು ದೊಡ್ಡ ಸಾಮ್ರಾಜ್ಯದ ಒಡೆಯ ಆ ಮಾತನ್ನು ಒಪ್ಪಿಕೊಂಡು, ಅವನು ಪಶ್ಚಾತ್ತಾಪ ಪಡುವುದಾಗಿ ಹೇಳಿದ ಮೇಲೆ ಹೊರಟುಹೋದರು. ಆಳುವವನ ಕಿವಿಗೂ ಒಂದು ಬೇಲಿ ಬೇಕು ಎಂಬುದು ಇದರ ಪಾಠ.

ತಂತಿಯ ನಿಯ್ಯತ್ತು

2018ರ ಸೆಪ್ಟೆಂಬರಿನಲ್ಲಿ ಜಮ್ಮುವಿನ ಅಂತರರಾಷ್ಟ್ರೀಯ ಗಡಿಯಲ್ಲಿ, ತಲಾ ಐದೂವರೆ ಕಿಲೋಮೀಟರಿನ ಎರಡು ಕಡೆ, ಸೆನ್ಸರ್‌ಗಳ ಕಣ್ಗಾವಲು ವ್ಯವಸ್ಥೆ ಪ್ರಾಯೋಗಿಕವಾಗಿ ಶುರುವಾಯಿತು. ಬರುವವನನ್ನು ತಡೆಯುವುದು ಅದರ ಗುರಿ. ಅದೇ ಜಾತಿಯ ತಂತ್ರಜ್ಞಾನವನ್ನು ನಮ್ಮ ರೈಲ್ವೆ ಇನ್ನೊಂದು ಕೆಲಸಕ್ಕೂ ಬಳಸಿದೆ. ಈಶಾನ್ಯ ಗಡಿ ರೈಲ್ವೆಯಲ್ಲಿ ಹಳಿಯ ಪಕ್ಕದ ಆಪ್ಟಿಕಲ್ ಫೈಬರ್ ಕೇಬಲನ್ನೇ ಕಿವಿಯಾಗಿ ಮಾಡಿ, ಆನೆಗಳ ಹೆಜ್ಜೆಯ ನಡುಕವನ್ನು ಅದು ಗುರುತಿಸುವಂತೆ ಮಾಡಲಾಯಿತು. ಆನೆ ಹಳಿಯ ಹತ್ತಿರ ಬಂದರೆ ಸ್ಟೇಷನ್ ಮಾಸ್ಟರಿಗೂ ರೈಲು ಚಾಲಕನಿಗೂ ಸುದ್ದಿ ಹೋಗುತ್ತದೆ, ರೈಲು ನಿಧಾನವಾಗುತ್ತದೆ. 2023ರಲ್ಲಿ ಗಜರಾಜ ಎಂಬ ಹೆಸರಿನಿಂದ ಇದನ್ನು ಇತರೆಡೆಗೂ ವಿಸ್ತರಿಸುವುದಾಗಿ ಪ್ರಕಟಿಸಿದರು. ಇಲ್ಲಿ ಕೇಬಲ್ ಕೇಳುತ್ತಿರುವುದು ಬರುವವನನ್ನು ಹಿಡಿಯಲಿಕ್ಕಲ್ಲ, ಉಳಿಸಲಿಕ್ಕೆ. ಹಳಿ ದಾಟುವ ಆನೆಯನ್ನು ಅತಿಕ್ರಮಿಯೆಂದು ಯಾರೂ ಬೈಯಲಿಲ್ಲ. ಅದರ ದಾರಿಗೆ ನಾವೇ ಅಡ್ಡ ಬಂದಿದ್ದೇವೆ ಎಂದು ಒಪ್ಪಿಕೊಂಡು ನಾವೇ ನಿಧಾನಿಸಿದೆವು.

ಕರ್ಮಗಳು ಸಂಕಲ್ಪವನ್ನು ಅವಲಂಬಿಸಿವೆ ಎಂಬ ಪ್ರವಾದಿ ಬೋಧನೆ ತಂತಿಗೂ ಅನ್ವಯಿಸುತ್ತದೆ. ತಂತಿಗೆ ನಿಯ್ಯತ್ತಿಲ್ಲ. ಅದನ್ನು ಎಳೆಸುವವನಿಗಿದೆ, ಎಳೆಯುವವನಿಗೂ ಇದೆ.

ಹಾಗಾದರೆ ಹವಳಗಾದಂತಹ ಊರಿನಿಂದ ಹೋದ ನಮ್ಮ ಹುಡುಗ ಏನು ಮಾಡಬೇಕು? ಗುತ್ತಿಗೆದಾರನ ಮುಂದೆ ಭಾಷಣ ಮಾಡಲು ಅವನಿಗೆ ಆಗದು. ಮನೆಯಲ್ಲಿ ಅವನ ದುಡಿಮೆಯನ್ನು ಕಾಯುವವರಿದ್ದಾರೆ. ಆದರೂ ಅವನ ಕೈಯಲ್ಲಿ ಕೆಲವು ಸಂಗತಿಗಳಿವೆ. ಒಂದು, ಕೆಲಸವನ್ನು ಅಮಾನತ್ ಎಂದು ತಿಳಿದು ಬಿಗಿಯಾಗಿ ಮಾಡುವುದು. ಸಡಿಲ ಕಟ್ಟಿದ ಕೇಬಲ್ ಸುಳ್ಳು ಸಾಕ್ಷಿ ಹೇಳುತ್ತದೆ. ಆ ಸುಳ್ಳಿಗೆ ಏಟು ತಿನ್ನುವವನು ಬೇಲಿಯ ಹತ್ತಿರ ನಿಂತಿದ್ದ ಯಾರೋ ಬಡಪಾಯಿ. ಎರಡು, ಕಣ್ಣಿಗೆ ಕಂಡದ್ದನ್ನು ಹೇಳುವುದು. ಇಲ್ಲಿ ಹಳೆಯ ಕಾಲುದಾರಿಯಿದೆ ಸಾರ್, ಇಲ್ಲಿ ಒಂದು ಸಣ್ಣ ಗೇಟು ಇಟ್ಟರೆ ಜನ ಬೇಲಿ ಮುರಿಯುವುದಿಲ್ಲ ಎಂದು ಹೇಳಲು ಎಂಜಿನಿಯರನೇ ಆಗಬೇಕಾಗಿಲ್ಲ. ಬದುವಿನ ಮೇಲೆ ನಡೆದು ಬೆಳೆದವನಿಗೆ ಅದು ಎಂಜಿನಿಯರಿಗಿಂತ ಮೊದಲು ಕಾಣುತ್ತದೆ. ಮೂರು, ಕೊಲ್ಲುವ ಕರೆಂಟನ್ನು ಇದೇ ಜಾಲರಿಗೆ ಜೋಡಿಸಿಕೊಡು ಎಂದು ಯಾರಾದರೂ ಕೇಳಿದರೆ ಒಲ್ಲೆನೆನ್ನುವುದು. ಅದಕ್ಕೆ ಕಾನೂನಿನ ಬೆಂಬಲವೂ ಇದೆ, ಧರ್ಮದ ಬೆಂಬಲವೂ ಇದೆ.

ಬೇಲಿ ಹಾಕಿಸುವವನ ಹೊಣೆ ಇದಕ್ಕಿಂತ ದೊಡ್ಡದು. ಅವನು ಕೇಬಲ್ ಕೊಳ್ಳುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಡಲಿ: ಒಳಗೆ ನಾನು ಕಾಯುತ್ತಿರುವುದು ನನ್ನದೇ ಸೊತ್ತೋ, ಎಲ್ಲರ ನೀರು, ಎಲ್ಲರ ದಾರಿಯೂ ಅದರಲ್ಲಿ ಸೇರಿಕೊಂಡಿದೆಯೋ? ಹೊರಗಿರುವವರು ಯಾರು, ಅವರಿಗೆ ಬರಲು ಬಾಗಿಲು ಇಟ್ಟಿದ್ದೇನೆಯೇ? ಸೈರನ್ ಕೂಗಿದಾಗ ಹೋಗುವವನ ಕೈಯಲ್ಲಿ ಏನಿರುತ್ತದೆ, ಬರೀ ಲಾಠಿಯೋ, ಒಂದು ಟಾರ್ಚು ಮತ್ತು ಏಕೆ ಬಂದೆಯಪ್ಪಾ ಎಂದು ಕೇಳುವ ಬಾಯಿಯೋ?

2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರು ಭೀಮೆಯಲ್ಲಿ ಉಕ್ಕಿ ಅಫಜಲಪುರ ತಾಲೂಕಿನ ಹಳ್ಳಿಗಳಿಗೆ ನುಗ್ಗಿತ್ತು. ಅಂದು ಜನ ದನಕರು ಹೊಡೆದುಕೊಂಡು ಎತ್ತರದ ಜಾಗ ಹುಡುಕಿ ಹೊರಟರು. ನದಿ ಯಾರ ಬದುವನ್ನೂ ಕೇಳಲಿಲ್ಲ. ಬೇಲಿಯ ಒಳಗಿರುವವನು, ಹೊರಗಿರುವವನು ಎಂಬುದು ಒಂದು ರಾತ್ರಿಯಲ್ಲಿ ಅದಲುಬದಲಾಗಬಹುದು ಎಂಬುದು ಭೀಮಾತೀರದವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಿಕ್ಕಿಲ್ಲ. ಇಂದು ಇನ್ನೊಬ್ಬನ ಬೇಲಿಗೆ ಕೈ ತಾಗಿಸುವವನು ನಾಳೆ ನಾವೇ ಆಗಿರಬಹುದು. ಆ ದಿನ ಒಳಗಿನವನ ಕಿವಿಗೆ ನಮ್ಮ ಕೈಯ ಸದ್ದಿನ ಜೊತೆ ನಮ್ಮ ಸಂಕಟವೂ ಕೇಳಿಸಲಿ ಎಂದು ನಾವು ಬಯಸುತ್ತೇವೆ. ಹಾಗಾದರೆ ಇಂದು ನಮ್ಮ ಬೇಲಿಗೆ ಬಂದು ತಾಗಿದ ಕೈಗೂ ಅಷ್ಟನ್ನು ನಾವು ಸಲ್ಲಿಸಬೇಡವೇ?